ಫಾಸ್ಟ್ ಬೌಲರ್ ಸೊಸೆ

ಹೆರಿಗೆಯಾದ ಮೇಲೆ ದುರ್ಗಾ ಮೊದಲ ಸಲ ಬೌಲಿಂಗ್ ಮಾಡಿದ್ದು ಚಿತ್ರದುರ್ಗದ ಮೈದಾನದಲ್ಲಿ. ಒಂದು ಓವರ್ ಮುಗಿಸುವಷ್ಟರಲ್ಲಿ ಏದುಸಿರು ಹತ್ತಿ ಪಿಚ್ಚಿನ ಪಕ್ಕದಲ್ಲೇ ಕುಳಿತುಬಿಟ್ಟಳು. ಭಾರತ ತಂಡಕ್ಕೆ ವರ್ಷಗಟ್ಟಲೆ ಹೊಸ ಚೆಂಡು ಹಿಡಿದವಳು ಅವಳು. ಭರಮಸಾಗರದ ಕೆರೆಯಂಗಳದಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದ ಈ ಉದ್ದ ಕೈಯ ಹುಡುಗಿಯ ಚೆಂಡು ಎದೆಮಟ್ಟಕ್ಕೆ ಎದ್ದು ಬಂದರೆ ಹೊರದೇಶದ ಬ್ಯಾಟರ್‌ಗಳೂ ಹಿಂದೆ ಸರಿಯುತ್ತಿದ್ದರು. ಈಗ ಅದೇ ಚೆಂಡು ಕೀಪರ್ ಕೈ ಸೇರುವ ಮೊದಲು ಎರಡು ಸಲ ನೆಲ ಮುಟ್ಟುತ್ತಿತ್ತು.

ಅತ್ತೆ ವೀರಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹತ್ತಿರ ಬಂದರು.

"ಏನಾತೇ?"

"ಈ ಕಾಲು ನಂದಲ್ಲ ಅನ್ಸುತ್ತೆ ಅತ್ತೆ."

"ನಿಂದೇ ಕಣೆ. ಮೊನ್ನೆವರೆಗೂ ಇಬ್ಬರ್ನ ಹೊತ್ತಿತ್ತು. ಸುಧಾರಿಸ್ಕಳ್ಳಾಕೆ ಬಿಡು."

ವೀರಮ್ಮ ಹೊಳಲ್ಕೆರೆಯಲ್ಲಿ ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತರಾದವರು. ಮಗ ಮಾರುತಿ ಅಲ್ಲೇ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಅವನು ಫಾಸ್ಟ್ ಬೌಲರ್ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಾಗ ವೀರಮ್ಮ ಕೇಳಿದ್ದು ಒಂದೇ ಮಾತು: "ಹೊಟ್ಟೆ ತುಂಬ ಉಣ್ತಾಳೇನಪ್ಪ?" ದುರ್ಗಾ ಚೆನ್ನಾಗಿಯೇ ಉಣ್ಣುತ್ತಿದ್ದಳು. ಅತ್ತೆ ಸೊಸೆಗೆ ಮೊದಲ ದಿನವೇ ಹೊಂದಿಕೆಯಾಯಿತು.

ಮುದ್ದೆ, ಮೊಳಕೆ ಕಾಳು, ಬೆಳಗಿನ ಓಟ, ಬಿಸಿನೀರಿನ ಸ್ನಾನ. ಹೀಗೆ ತಿಂಗಳುಗಳು ಕಳೆದವು. ಮಗು ಪ್ರೀತಿ ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ದುರ್ಗಾಳ ಚೆಂಡಿಗೂ ಒಂದಿಷ್ಟು ಬಿರುಸು ಬಂತು. ಆಗಲೇ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವಳ ಹೆಸರು ಬಂತು. ಹಾಲು ಕುಡಿಯುವ ಕೂಸನ್ನು ಕರೆದೊಯ್ಯಬಹುದು, ಜೊತೆಗೆ ಮನೆಯವರೊಬ್ಬರು ಬರಬಹುದು ಎಂದರು ಕ್ರಿಕೆಟ್ ಮಂಡಳಿಯವರು. ಮಾರುತಿಗೆ ಅಷ್ಟು ದಿನ ರಜೆ ಸಿಗುವಂತಿರಲಿಲ್ಲ.

"ಬ್ಯಾಡ ಬಿಡ್ರಿ, ನಾನು ಹೋಗಲ್ಲ," ಎಂದಳು ದುರ್ಗಾ.

ಒಳಗಿನಿಂದ ವೀರಮ್ಮ ಕೂಗಿದರು: "ಯಾಕ್ ಹೋಗಲ್ಲ? ನಾನ್ ಬರ್ತೀನಿ."

"ಅವ್ವ, ಅದು ಇಂಗ್ಲೆಂಡು," ಎಂದ ಮಾರುತಿ.

"ಗೊತ್ತೈತೆ ಕಣೋ. ಅಲ್ಲೂ ಮಕ್ಕಳು ಅಳೋದು ಹಿಂಗೇ ಅಲ್ವಾ?"

ಇಂಗ್ಲೆಂಡಿನ ಚಳಿಗೆ ವೀರಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿ, ಅದರ ಮೇಲೆ ಸೊಸೆಯ ತಂಡದ ಜಾಕೆಟ್ಟನ್ನೂ ಏರಿಸಿದರು. ಹೋಟೆಲ್ ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ ಮೊಮ್ಮಗಳಿಗೆ ರಾಗಿ ಸರಿ ಮಾಡಿದರು. ತಂಡದ ಹುಡುಗಿಯರು ಮಗು ಆಡಿಸುವ ನೆಪದಲ್ಲಿ ಬಂದು, ಇವರು ಊರಿಂದ ತಂದ ಚಕ್ಕುಲಿ ಖಾಲಿ ಮಾಡಿದರು. ದುರ್ಗಾ ಮಾತ್ರ ಮಂಕಾಗಿದ್ದಳು. ಮೊದಲೆರಡು ಪಂದ್ಯಗಳಲ್ಲಿ ಅವಳನ್ನು ಹೊರಗೆ ಕೂರಿಸಿದ್ದರು.

ಕೊನೆಯ ಪಂದ್ಯಕ್ಕೆ ಇನ್ನೊಬ್ಬ ಬೌಲರ್ ಹುಡುಗಿಯ ತೊಡೆ ಹಿಡಿದುಕೊಂಡಿತು. ದುರ್ಗಾಗೆ ಕರೆ ಬಂತು. ಅದೇ ಬೆಳಿಗ್ಗೆ ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು. ತಂಡದ ಡಾಕ್ಟರ್ ಬಂದು ನೋಡಿ, ಸಾಮಾನ್ಯ ಜ್ವರ, ಹೆದರುವಂಥದ್ದೇನಿಲ್ಲ ಎಂದು ಔಷಧಿ ಕೊಟ್ಟರು. ದುರ್ಗಾ ಕಟ್ಟಿದ್ದ ಶೂ ಬಿಚ್ಚಿ ಮಂಚದ ಮೇಲೆ ಕುಳಿತಳು.

"ನನ್ ಕೈಲಿ ಆಗಲ್ಲ ಅತ್ತೆ. ಇವಳನ್ನ ಹಿಂಗ್ ಬಿಟ್ಟು ಏನ್ ಆಡ್ಲಿ?"

ವೀರಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕ ಕುಳಿತರು. "ನೋಡು, ಜ್ವರ ಇಳೀಲಿಲ್ಲ ಅಂದ್ರೆ ಆಟದ ನಡುವೆನೇ ಹೇಳಿ ಕಳಿಸ್ತೀನಿ. ಮುಚ್ಚಿಡಲ್ಲ, ಇವಳಾಣೆ. ಆಗ ಬಿಟ್ಟು ಬಾ, ಯಾರೂ ಬೈಯಲ್ಲ. ಈಗ ಹೋಗು."

ದುರ್ಗಾ ಹೋದಳು. ಆದರೆ ಮನಸ್ಸೆಲ್ಲ ಹೋಟೆಲ್ಲಿನಲ್ಲೇ ಇತ್ತು. ಮೊದಲ ಎರಡು ಓವರ್‌ಗಳಲ್ಲಿ ಬೌಂಡರಿಗಳ ಸುರಿಮಳೆ. ಕ್ಯಾಪ್ಟನ್ ಚೆಂಡು ಕಿತ್ತುಕೊಂಡು ಅವಳನ್ನು ಬೌಂಡರಿ ಗೆರೆಗೆ ಅಟ್ಟಿದಳು. ಅಲ್ಲಿ ನಿಂತು ದುರ್ಗಾ, ತನ್ನ ಆಟ ಮುಗಿಯಿತು ಎಂದೇ ಅಂದುಕೊಂಡಳು.

ನೀರಿನ ವಿರಾಮದಲ್ಲಿ ಡಾಕ್ಟರ್ ಬಾಟಲಿ ಹಿಡಿದು ಓಡಿ ಬಂದರು. ದುರ್ಗಾ ಗೆರೆ ಬಿಟ್ಟು ಅವರತ್ತ ಓಡಿದಳು. "ಜ್ವರ ಇಳಿದಿದೆ. ರಾಗಿ ಸರಿ ತಿಂದು ಮಲಗಿದ್ದಾಳಂತೆ," ಎಂದರು ಅವರು. ದುರ್ಗಾ ಅಲ್ಲೇ ಮೊಣಕಾಲೂರಿ, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎದ್ದು ಹೋಗಿ ತಾನಾಗಿಯೇ ಚೆಂಡು ಕೇಳಿದಳು.

ಓಡಲು ಶುರು ಮಾಡಿದಾಗಲೇ ಮೈ ಹಗುರಾಗಿದ್ದು ಅವಳಿಗೆ ತಿಳಿಯಿತು. ಒಂದು ಚೆಂಡು ಬ್ಯಾಟರ್ ಹುಡುಗಿಯ ಪಕ್ಕೆಗೆ ಬಡಿಯಿತು. ಮುಂದಿನದು ಒಳಕ್ಕೆ ತಿರುಗಿ ಆಫ್ ಸ್ಟಂಪನ್ನೇ ಕಿತ್ತು ಹಾಕಿತು. ಆಮೇಲೆ ಇನ್ನೂ ಎರಡು ವಿಕೆಟ್ ಬಿದ್ದವು. ಭಾರತ ಆ ಪಂದ್ಯ ಗೆಲ್ಲಲಿಲ್ಲ. ಆದರೆ ದುರ್ಗಾಳ ಜಾಗದ ಬಗ್ಗೆ ಆಮೇಲೆ ಯಾರೂ ತಕರಾರು ಎತ್ತಲಿಲ್ಲ.

ರೂಮಿಗೆ ಬಂದಾಗ ಪ್ರೀತಿ ಮಂಚದ ಮೇಲೆ ಆಡುತ್ತಿದ್ದಳು. ಮಗು ಏಳಬಾರದೆಂದು ವೀರಮ್ಮ ದನಿ ಬಂದ್ ಮಾಡಿ ಇಡೀ ಪಂದ್ಯವನ್ನು ಟಿವಿಯಲ್ಲಿ ನೋಡಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ: "ಆ ಹುಡುಗಿಗೆ ಪಕ್ಕೆ ನೋವು ಜಾಸ್ತಿ ಆತಾ?"

"ಇಲ್ಲ ಅತ್ತೆ, ಆರಾಮಾಗವ್ಳೆ."

"ಒಳ್ಳೇದಾತು. ಬಾ, ಕೈ ತೊಳ್ಕ, ಉಣ್ಣು."

ಆಮೇಲೆ ಮಂಡಿ ನೋವು ಆಟ ಬಿಡಿಸುವವರೆಗೂ ದುರ್ಗಾ ಹಲವು ದೇಶಗಳಲ್ಲಿ ಆಡಿದಳು. ಎಲ್ಲ ಕಡೆಗೂ ವೀರಮ್ಮ ಹೋದರು. ಬೆಂಗಳೂರಿನಲ್ಲಿ ವಿದಾಯದ ಪಂದ್ಯ ಮುಗಿದಾಗ ಜೊತೆಗಾರ್ತಿಯರು ಅವಳ ಗೌರವಕ್ಕೆ ಎರಡು ಸಾಲಾಗಿ ನಿಂತು ಬ್ಯಾಟ್‌ಗಳನ್ನು ಕಮಾನಿನಂತೆ ಎತ್ತಿ ಹಿಡಿದರು. ದುರ್ಗಾ ಆ ಕಡೆ ಹೋಗದೆ ನೇರ ಗ್ಯಾಲರಿಯತ್ತ ಓಡಿದಳು. ಒಂದು ಕೈಯಲ್ಲಿ ಮಗಳನ್ನು, ಇನ್ನೊಂದರಲ್ಲಿ ಅತ್ತೆಯನ್ನು ಹಿಡಿದು ಎಳೆದುಕೊಂಡು ಬಂದಳು. ವೀರಮ್ಮ ತಲೆ ಮೇಲೆ ಸೆರಗು ಹೊದ್ದು, ತಲೆ ತಗ್ಗಿಸಿ, ಚಪ್ಪಲಿ ಸದ್ದು ಮಾಡುತ್ತಾ ಬ್ಯಾಟುಗಳ ಕೆಳಗೆ ನಡೆದರು.

ಮರುದಿನ ಊರಿಗೆ ಹೊರಟ ಕಾರಿನಲ್ಲಿ ಅವರು ಬೈದದ್ದೇ ಬೈದದ್ದು. "ಅಷ್ಟ್ ಜನದ ಮುಂದೆ ನನ್ನ ಹಂಗ್ ಎಳ್ಕಂಡು ಹೋಗೋದಾ? ಒಂದ್ ಒಳ್ಳೆ ಸೀರೆನೂ ಉಟ್ಟಿರ್ಲಿಲ್ಲ." ಹಿರಿಯೂರು ಬರುವಷ್ಟರಲ್ಲಿ ದುರ್ಗಾ ಅವರ ಭುಜಕ್ಕೊರಗಿ ನಿದ್ದೆ ಹೋಗಿದ್ದಳು. ವೀರಮ್ಮ ಅವಳ ತಲೆ ಜಾರದಂತೆ ಕೈ ಆನಿಸಿ, ದನಿ ತಗ್ಗಿಸಿ ಬೈಗುಳ ಮುಂದುವರಿಸಿದರು.