ಪಾಠ ಹೇಳುತ್ತಿದ್ದ ದನಿ

ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯ ಭೈರಮ್ಮ ಬಚ್ಚಲಲ್ಲಿ ಬಿದ್ದು ಕೈ ಮುರಿದುಕೊಂಡಳು ಎಂಬ ಸುದ್ದಿ ಬಂದಾಗ ಡಾಕ್ಟರ್ ನಿಶ್ಚಿತಾಗೆ ಮೊದಲು ನೆನಪಾದದ್ದು ಆ ಹೊಸ ಮಾತ್ರೆ.

ಎಪ್ಪತ್ತು ದಾಟಿದ ಭೈರಮ್ಮ ಎರಡೂ ಕಿಡ್ನಿ ಸೋತ ಮೇಲೆ ಮಗಳನ್ನು ಜೊತೆಗಿಟ್ಟುಕೊಂಡು ಡಯಾಲಿಸಿಸ್‌ಗೆಂದು ಕೊಪ್ಪದಲ್ಲಿ ನಿಶ್ಚಿತಾ ಇದ್ದ ಆಸ್ಪತ್ರೆಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಇಂಥ ರೋಗಿಗಳನ್ನು ಕಾಡುವ ಮೈ ತುರಿಕೆ ಅವಳಿಗೂ ಇತ್ತು. ಕೆರೆದು ಕೆರೆದು ಬೆನ್ನೆಲ್ಲ ಗಾಯ. ಆ ತುರಿಕೆಗೆಂದೇ ನಿಶ್ಚಿತಾ ಮಾತ್ರೆ ಶುರು ಮಾಡಿದ್ದಳು.

"ತುರಿಕೆ ಕಡಿಮೆ ಆಗಿತ್ತು ಡಾಕ್ಟ್ರಮ್ಮ, ಸುಳ್ಳು ಹೇಳೂದಿಲ್ಲ" ಎಂದಳು ಭೈರಮ್ಮ, ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. "ಆದ್ರೆ ಮಾತ್ರೆ ನುಂಗಿದ್ರೆ ಕಣ್ಣು ಎಳೀತಿತ್ತು. ಅವತ್ತು ತಲೆ ಗಿರ್ರಂತ ತಿರುಗ್ತು ನೋಡಿ, ಅಷ್ಟೇ."

ನಿಶ್ಚಿತಾ ಮಾತ್ರೆ ನಿಲ್ಲಿಸಿದಳು. ನಿಲ್ಲಿಸಿದರೂ ಸಮಾಧಾನವಾಗಲಿಲ್ಲ. ವಯಸ್ಸಾದವರಿಗೂ ಮೊದಲ ದಿನದಿಂದಲೇ ಪೂರ್ತಿ ಪ್ರಮಾಣ ಕೊಡಬಹುದೆಂದು ಅವಳಿಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಅವಳ ಗುರು ಡಾಕ್ಟರ್ ಸೋಮನಾಥ್.

ಸುತ್ತಮುತ್ತಲ ತಾಲೂಕುಗಳಲ್ಲಿ ನಿಶ್ಚಿತಾ ಬಿಟ್ಟರೆ ಬೇರೆ ಕಿಡ್ನಿ ತಜ್ಞರಿರಲಿಲ್ಲ. ಸಂದೇಹ ಬಂದರೆ ಪಕ್ಕದ ಕೋಣೆಗೆ ಹೋಗಿ ಕೇಳೋಣವೆಂದರೆ ಪಕ್ಕದ ಕೋಣೆಯಲ್ಲಿದ್ದವರು ಹಲ್ಲಿನ ಡಾಕ್ಟರು. ಕಲಿತದ್ದು ಹಳತಾಗದಂತೆ ನೋಡಿಕೊಳ್ಳಲು ಅವಳಿಗಿದ್ದ ದಾರಿ ಒಂದೇ, ಸೋಮನಾಥ್ ಸರ್ ಕಿಡ್ನಿ ತಜ್ಞರಿಗಾಗಿಯೇ ನಡೆಸುತ್ತಿದ್ದ ಆನ್‌ಲೈನ್ ಪಾಠಗಳು. ಬೆಂಗಳೂರಿನ ಕಾಲೇಜಿನಲ್ಲಿ ಅವಳಿಗೆ ಕಲಿಸಿದ ಸರ್, ನಿವೃತ್ತರಾಗಿ ತಮ್ಮೂರು ನರಸಿಂಹರಾಜಪುರಕ್ಕೆ ಬಂದ ಮೇಲೂ ಪಾಠ ಬಿಟ್ಟಿರಲಿಲ್ಲ. ಪಾಠ ಕೇಳಿ, ಕೊನೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನೋಂದಣಿ ನವೀಕರಣಕ್ಕೆ ಬೇಕಾದ ಅಂಕವೂ ಸಿಗುತ್ತಿತ್ತು. ನಿಶ್ಚಿತಾ ಅಂಕಕ್ಕಾಗಿ ಕೇಳುತ್ತಿರಲಿಲ್ಲ. ಸರ್ ದನಿ ಕೇಳಿದರೆ ತಾನು ಒಬ್ಬಳೇ ಇಲ್ಲ ಅನ್ನಿಸುತ್ತಿತ್ತು.

ಆ ದಿನ ಕೆಲಸ ಮುಗಿಸಿ, ಬಾಗಿಲು ಹಾಕಿಕೊಂಡು, ತುರಿಕೆಯ ಪಾಠವನ್ನು ಮತ್ತೆ ಹಾಕಿದಳು. ಮೊದಲೆಲ್ಲ ಪರದೆಯ ಮೂಲೆಯಲ್ಲಿ ಸರ್ ಮುಖ ಕಾಣುತ್ತಿತ್ತು. ಈಗ ಕೆಲವು ತಿಂಗಳಿಂದ ಬರೀ ಒಂದು ಫೋಟೋ. ದನಿ ಮಾತ್ರ ಅದೇ, ಸ್ವಲ್ಪ ಗೊಗ್ಗರು, ಸ್ವಲ್ಪ ನಿಧಾನ. ಇಂಗ್ಲಿಷ್ ಪಾಠದ ನಡುವೆ ಕನ್ನಡದ ಎಳೆತವೂ ಅದೇ. ಆದರೂ ಏನೋ ಸರಿಯಿಲ್ಲ. ಏನೆಂದು ತಿಳಿಯದೆ ಅವಳು ಹಿಂದಕ್ಕೆ ಮುಂದಕ್ಕೆ ಓಡಿಸಿ ಕೇಳಿದಳು.

ಸರ್ ಕೆಮ್ಮುತ್ತಿರಲಿಲ್ಲ. ನೀರು ಕುಡಿಯುತ್ತಿರಲಿಲ್ಲ. "ಇದು ನನಗೂ ಸರಿಯಾಗಿ ಗೊತ್ತಿಲ್ಲ, ನೀವೇ ಓದಿ ನೋಡಿ" ಎಂದು ಪ್ರತಿ ಪಾಠದಲ್ಲೂ ಒಮ್ಮೆಯಾದರೂ ಹೇಳುವ ಮನುಷ್ಯ ಇಲ್ಲಿ ಎಲ್ಲವನ್ನೂ ಬಲ್ಲವರಂತೆ ಮಾತಾಡುತ್ತಿದ್ದರು. ಆಮೇಲೆ ಒಂದು ಕಡೆ ರೋಗಿಯೊಬ್ಬರ ಊರಿನ ಹೆಸರು ಬಂತು. ಬಾಳೆಹೊನ್ನೂರು. ಆ ದನಿ ಅದನ್ನು 'ಬೇಲ್ಹೊನ್ನರ್' ಎಂದಿತು.

ನಿಶ್ಚಿತಾ ಪಾಠ ನಿಲ್ಲಿಸಿದಳು. ಸೋಮನಾಥ್ ಸರ್ ತಾಯಿಯ ತವರು ಬಾಳೆಹೊನ್ನೂರು. ಅಜ್ಜನ ಮನೆಯ ಕತೆಗಳನ್ನು ಅವರು ವಾರ್ಡಿನಲ್ಲೇ ಹೇಳುತ್ತಿದ್ದರು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಅವರ ಬಾಯಲ್ಲಿ ಆ ಹೆಸರು ಹೀಗೆ ಬರುವುದು ಸಾಧ್ಯವಿರಲಿಲ್ಲ.

ಅವಳು ಸರ್ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಮಗ ಕಾಂತೇಶ್.

"ಅಪ್ಪ ರೆಕಾರ್ಡಿಂಗಲ್ಲಿದಾರೆ ಮೇಡಂ. ನಿಮ್ಮ ಪ್ರಶ್ನೆ ಮೆಸೇಜ್ ಮಾಡಿ, ಉತ್ತರ ಬರ್ತದೆ."

ಮೆಸೇಜ್ ಮಾಡಿದಳು. ಹೊಸ ಮಾತ್ರೆಯ ವಿಷಯ ಬಿಟ್ಟು ಬೇರೆಲ್ಲದಕ್ಕೂ ಸೊಗಸಾದ ಇಂಗ್ಲಿಷಿನಲ್ಲಿ ಉತ್ತರ ಬಂತು. ಪಾಠದ ಕೆಳಗೆ ಭೈರಮ್ಮ ಬಿದ್ದ ಸಂಗತಿಯನ್ನು ಹೆಸರು ಹೇಳದೆ ಬರೆದಳು. ಮರುದಿನ ನೋಡಿದರೆ ಬರೆದದ್ದು ಮಾಯ. ಇನ್ನೊಮ್ಮೆ ಫೋನ್ ಮಾಡಿದರೆ ಕಾಂತೇಶ್, "ಅಪ್ಪ ಮಲಗಿದಾರೆ" ಎಂದ. ಆಗ ಹೊತ್ತು ಬೆಳಗಿನ ಹನ್ನೊಂದು. ಸರ್ ಹಗಲು ಮಲಗಿದ್ದನ್ನು ಅವಳು ಕಂಡೇ ಇರಲಿಲ್ಲ.

ಸರ್ ಬದುಕಿದ್ದಾರೋ ಇಲ್ಲವೋ ಎಂಬ ಯೋಚನೆ ಬಂದಾಗ ಅವಳಿಗೇ ಹೆದರಿಕೆಯಾಯಿತು. ಭಾನುವಾರ ಯಾರಿಗೂ ತಿಳಿಸದೆ ಕಾರು ತೆಗೆದು ನರಸಿಂಹರಾಜಪುರದ ದಾರಿ ಹಿಡಿದಳು.

ಪೇಟೆ ದಾಟಿದ ಮೇಲೆ ಸಿಕ್ಕ ಹೊಸ ತಾರಸಿ ಮನೆ. ಗೇಟಿನ ಬಳಿ ಸ್ಕೂಟರ್ ಒರೆಸುತ್ತಿದ್ದ ಕಾಂತೇಶ್ ಅವಳನ್ನು ನೋಡಿ ಬಟ್ಟೆ ಕೈಯಲ್ಲೇ ಹಿಡಿದು ನಿಂತ.

"ಹೇಳಿ ಬರೂದಲ್ವಾ ಮೇಡಂ? ಅಪ್ಪಂಗೆ ಇವತ್ತು ಸ್ವಲ್ಪ ಹುಷಾರಿಲ್ಲ..."

"ಹಾಗಾದ್ರೆ ನೋಡಲೇಬೇಕಲ್ಲ. ನಾನು ಡಾಕ್ಟರು."

ಅವನು ಗೇಟು ಬಿಡಲಿಲ್ಲ. ಅಷ್ಟರಲ್ಲಿ ಒಳಗಿಂದ ಸರ್ ಹೆಂಡತಿ ಗಂಗಾಂಬಿಕೆ ಬಂದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ನಿಶ್ಚಿತಾಳನ್ನು ಗುರುತು ಹಿಡಿಯಲು ಅವರಿಗೆ ತುಸು ಹೊತ್ತಾಯಿತು.

"ನಿಶ್ಚಿತಾ ಅಲ್ವೇನೇ? ಕೊಪ್ಪದಲ್ಲಿದ್ದೂ ಇಷ್ಟು ದಿನ ಬರ್ಲಿಲ್ಲ ನೀನು. ಎಲ್ಲರಿಗೂ ತಿಳಿಸಿದೀನಿ ಅಂದಿದ್ದ ಇವನು. ಯಾರೂ ಬರ್ಲಿಲ್ಲ ಅಂತ ಅವರಿಗೆ ಎಷ್ಟು ಬೇಜಾರು ಗೊತ್ತಾ?"

"ಏನು ತಿಳಿಸೋದು ಅಮ್ಮ?"

ಗಂಗಾಂಬಿಕೆ ಮಗನ ಮುಖ ನೋಡಿದರು. ಕಾಂತೇಶ್ ಬಟ್ಟೆಯನ್ನು ಮಡಿಸುತ್ತ ನಿಂತ.

ಒಳಕೋಣೆಯ ಕುರ್ಚಿಯಲ್ಲಿ ಸರ್ ಕೂತಿದ್ದರು. ಬಲಗೈ ತೊಡೆಯ ಮೇಲೆ ಜೋತು ಬಿದ್ದಿತ್ತು. ಬಾಯಿಯ ಒಂದು ಕಡೆ ಕೆಳಕ್ಕೆಳೆದಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ ವರ್ಷವಾಗುತ್ತ ಬಂದಿತ್ತು. ಕೇಳಿದ್ದು ತಿಳಿಯುತ್ತದೆ, ಹೇಳಲು ಬರುವುದಿಲ್ಲ ಎಂದರು ಗಂಗಾಂಬಿಕೆ. ಇಡೀ ಆಸ್ಪತ್ರೆಗೆ ಕೇಳುವಂತೆ ಪಾಠ ಹೇಳುತ್ತಿದ್ದ ಬಾಯಲ್ಲಿ ಉಳಿದಿದ್ದದ್ದು "ಅಲ್ಲ" ಎಂಬ ಒಂದೇ ಮಾತು.

ನಿಶ್ಚಿತಾಳನ್ನು ಕಂಡು ಸರ್ ಎಡಗೈ ಚಾಚಿದರು. ಅವಳು ಆ ಕೈ ಹಿಡಿದು ನೆಲದ ಮೇಲೆಯೇ ಕೂತುಬಿಟ್ಟಳು. ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು.

"ಹಾಗಿದ್ರೆ ಪಾಠ ಹೇಳ್ತಿರೋದು ಯಾರು?" ಎಂದು ಕಾಂತೇಶ್ ಕಡೆ ತಿರುಗಿ ಕೇಳಿದಳು.

"ಅಪ್ಪಂದೇ ದನಿ ಮೇಡಂ. ಹಳೇ ಪಾಠಗಳನ್ನ ಕಂಪ್ಯೂಟರಿಗೆ ಕೇಳಿಸಿದ್ರೆ ಅದು ಕಲೀತದೆ. ಬರೆದು ಕೊಟ್ಟದ್ದನ್ನ ಅವರ ಹಾಗೇ ಓದ್ತದೆ. ಅಪ್ಪನ ಹೆಸರು ಉಳೀಲಿ ಅಂತ..."

"ಬರೆದು ಕೊಡೋದು ಯಾರು?"

ಕಾಂತೇಶ್ ಕಿಟಕಿಯ ಕಡೆ ನೋಡಿದ.

"ಕಾಂತೇಶ್, ನನ್ನ ಪೇಷಂಟ್ ಬಿದ್ದು ಕೈ ಮುರ್ಕೊಂಡಿದಾಳೆ. ಬರೆದು ಕೊಡೋದು ಯಾರು?"

"ಮೊದಲು ಅಪ್ಪನ ಶಿಷ್ಯರೇ ಒಬ್ಬರು ಬರೀತಿದ್ರು. ಅವರು ಬಿಟ್ಟ ಮೇಲೆ ಮಾತ್ರೆ ಕಂಪನಿಯವರು ನಾವೇ ಬರೆಸಿ ಕೊಡ್ತೀವಿ ಅಂದ್ರು. ಅವರಲ್ಲೂ ಡಾಕ್ಟರುಗಳಿದಾರಂತೆ. ನಂಗೆ ಅದೆಲ್ಲ ಎಂತ ಗೊತ್ತಾಗ್ತದೆ?"

"ಸರ್‌ಗೆ ಗೊತ್ತಾ?"

ನಿಶ್ಚಿತಾ ಮೊಬೈಲ್ ತೆಗೆದಳು. ಹೀಗೆ ಮಾಡುವುದು ಸರಿಯೋ ತಪ್ಪೋ ಎಂದು ಒಂದು ಗಳಿಗೆ ಕೈ ತಡೆಯಿತು. ಕಾಯಿಲೆಯವರ ಎದುರು ಅವರದೇ ಕಳೆದುಹೋದ ದನಿಯನ್ನು ಕೇಳಿಸುವುದೆಂದರೆ! ಆದರೆ ತಮ್ಮ ಹೆಸರಿನಲ್ಲಿ ನಡೆಯುತ್ತಿರುವುದು ಅವರಿಗೆ ತಿಳಿಯದಿದ್ದರೆ ಅದು ಇನ್ನೂ ದೊಡ್ಡ ಅನ್ಯಾಯ ಅನ್ನಿಸಿತು.

"ಸರ್, ಇದನ್ನ ಕೇಳ್ತೀರಾ?"

ಅವರು ತಲೆಯಾಡಿಸಿದರು.

ದನಿ ಶುರುವಾದ ಕೂಡಲೇ ಸೋಮನಾಥ್ ಸರ್ ಬೆನ್ನು ನೆಟ್ಟಗಾಯಿತು. ಮೊದಲು ಅವರ ಮುಖದಲ್ಲಿ ಮೂಡಿದ್ದು ಸಂತೋಷವೇ. ಮರೆತಿದ್ದ ಯಾರನ್ನೋ ಬೀದಿಯಲ್ಲಿ ಕಂಡವರ ಹಾಗೆ ಕಣ್ಣರಳಿಸಿ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಹಳ ದಿನಗಳ ಮೇಲೆ ಗಂಡನ ಮಾತು ಆ ಕೋಣೆಯಲ್ಲಿ ಕೇಳುತ್ತಿತ್ತು. ಪಾಠ ಮಾತ್ರೆಯ ವಿಷಯಕ್ಕೆ ಬಂತು. ವಯಸ್ಸಾದವರಿಗೂ ಮೊದಲ ದಿನದಿಂದ ಪೂರ್ತಿ ಪ್ರಮಾಣ, ಹೆದರಬೇಕಾದ್ದಿಲ್ಲ ಎಂದಿತು ದನಿ.

"ಅಲ್ಲ" ಎಂದರು ಸರ್.

ದನಿ ಮುಂದುವರಿಯಿತು.

"ಅಲ್ಲ. ಅಲ್ಲ, ಅಲ್ಲ!" ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದರು. ಆಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಇಷ್ಟೇ ಇಷ್ಟು ಜಾಗ ಬಿಟ್ಟು ನಿಶ್ಚಿತಾಳಿಗೆ ತೋರಿಸಿದರು. ಸ್ವಲ್ಪ. ಸ್ವಲ್ಪದಿಂದ ಶುರು ಮಾಡು. ಅವಳು ಮೊಬೈಲ್ ಆರಿಸಿದಳು. ಸರ್ ಮಗನ ಕಡೆ ತಿರುಗಿ ಇನ್ನೊಮ್ಮೆ ಅದೇ ಮಾತು ಹೇಳಿದರು, ಈ ಸಲ ಮೆಲ್ಲಗೆ. ಕಾಂತೇಶ್ ಅಲ್ಲಿ ನಿಲ್ಲಲಾರದೆ ಹೊರಗೆ ಹೋದ.

ಅದೇ ಸಂಜೆ ನಿಶ್ಚಿತಾ ತಜ್ಞರ ವಾಟ್ಸಾಪ್ ಗುಂಪಿನಲ್ಲಿ ಎಲ್ಲವನ್ನೂ ಬರೆದಳು. ಬರೆಯುವ ಮುಂಚೆ ಗಂಗಾಂಬಿಕೆಯವರನ್ನು ಕೇಳಿದ್ದಳು. "ಬರಿ" ಎಂದಿದ್ದರು ಅವರು, "ಮಗ ಬೇಜಾರು ಮಾಡ್ಕೊಳ್ತಾನೆ, ಮಾಡ್ಕೊಳ್ಲಿ." ಗುಂಪಿನಲ್ಲಿ ಕೆಲವರು ನಂಬಲಿಲ್ಲ. ಒಬ್ಬರು, ಮಾಹಿತಿ ಸರಿಯಿದ್ದರೆ ಯಾರ ದನಿಯಾದರೇನು ಎಂದರು. ಇನ್ನೊಬ್ಬರು ತಮ್ಮ ರೋಗಿಯೂ ಅದೇ ಮಾತ್ರೆಯಿಂದ ಮಂಕಾಗಿ ಬಿದ್ದದ್ದನ್ನು ಬರೆದರು. ಆಮೇಲೆ ಅಂಥದೇ ಮತ್ತೊಂದು ಬಂತು. ಪಾಠಗಳು ಸದ್ದಿಲ್ಲದೆ ಜಾಲತಾಣದಿಂದ ಮಾಯವಾದವು. ಕಾಂತೇಶ್ ಫೋನ್ ಮಾಡಿ, "ಅಪ್ಪನ ಹೆಸರು ಹಾಳು ಮಾಡಿದ್ರಿ" ಎಂದ. ಹಾಗೆಂದು ಫೋನ್ ಇಡಲಿಲ್ಲ. ಕೊನೆಗೆ, "ಅಪ್ಪ ನಂಜೊತೆ ಊಟಕ್ಕೆ ಕೂರ್ತಿಲ್ಲ ಮೇಡಂ" ಎಂದು ಇಟ್ಟ.

ಭೈರಮ್ಮನ ಕೈ ಕೂಡಿಕೊಂಡಿತು. ಮಾತ್ರೆ ನಿಲ್ಲಿಸಿದ ಮೇಲೆ ತುರಿಕೆ ಮಾತ್ರ ಮರಳಿ ಬಂದಿತ್ತು, ಅದಕ್ಕೆ ಏನಾದರೂ ಮಾಡಲೇಬೇಕಿತ್ತು. ಅದೇ ವಿಷಯದ ಮೇಲೆ ಮಂಗಳೂರಿನ ಡಾಕ್ಟರ್ ಸರ್ವಮಂಗಳಾ ಎಂಬವರ ಪಾಠವೊಂದು ಬೇರೆ ಕಡೆ ಸಿಕ್ಕಿತು. ಚೆನ್ನಾಗಿಯೇ ಇತ್ತು. ಆದರೆ ಕೇಳುತ್ತ ಕೂತ ನಿಶ್ಚಿತಾಳ ಕಿವಿ ಪಾಠಕ್ಕಿಂತ ಹೆಚ್ಚಾಗಿ ಉಸಿರನ್ನು ಹುಡುಕುತ್ತಿತ್ತು. ಇವರೂ ಎಲ್ಲಾದರೂ... ಅರ್ಧಕ್ಕೇ ನಿಲ್ಲಿಸಿ, ಅವರ ಆಸ್ಪತ್ರೆಯಿಂದ ನಂಬರ್ ಪಡೆದು ಫೋನ್ ಮಾಡಿದಳು.

ಆ ಕಡೆ ಕುಕ್ಕರ್ ಕೂಗುತ್ತಿತ್ತು.

"ಡಾಕ್ಟರ್ ಸರ್ವಮಂಗಳಾ ನೀವೇ ಅಲ್ವಾ? ನನ್ನ ಪೇಷಂಟ್ ಒಬ್ಬರ ವಿಷಯ ಕೇಳ್ಬೇಕಿತ್ತು. ತುರಿಕೆ ಬಗ್ಗೆ ಪಾಠ ಮಾಡಿದ್ದು ನೀವೇ ತಾನೆ?"

"ನಾನೇ ಮಾರಾಯ್ರೆ, ಮತ್ತೆ ಯಾರು ಮಾಡ್ತಾರೆ?" ಎಂದು ನಕ್ಕಿತು ಆ ಕಡೆಯ ದನಿ. "ಒಂದ್ನಿಮಿಷ ಇರಿ, ಒಲೆ ಸಣ್ಣ ಮಾಡಿ ಬರ್ತೇನೆ. ಹ್ಞಾ, ಈಗ ಹೇಳಿ. ನಿಮ್ಮ ಪೇಷಂಟಿಗೆ ಎಷ್ಟು ವಯಸ್ಸು?"