ಪೆಟ್ಟಿಗೆಗೊಂದು ಕಾಯಂ ನಂಬರು

ಪಿಳಿ ಪಿಳಿ ಪಿಳಿ, ಟೀವಿಯ ಕೆಳಗೆ ಕೂತು ನನ್ನನ್ನೇ ಅಣಕಿಸುವ ಹಾಗೆ ಆ ನೀಲಿ ದೀಪ, ಪೆಟ್ಟಿಗೆ ನೋಡಿದರೆ ಎರಡು ಇಟ್ಟಿಗೆ ಜೋಡಿಸಿದಷ್ಟೂ ಇಲ್ಲ, ಜಂಬ ಮಾತ್ರ ಕಬ್ಬಿಣದ ಬೀರುವಿನಷ್ಟು, ತಂದಿಟ್ಟ ಅಳಿಯನ ಹಾಗೆಯೇ, ಬೈದರೂ ಪಿಳಿಪಿಳಿ, ಬಿಟ್ಟರೂ ಪಿಳಿಪಿಳಿ — ಇವತ್ತು ನೀನೋ ನಾನೋ ನೋಡಿಬಿಡೋಣ, ಗಂಟೆ ನಾಲ್ಕಾಯಿತು, ಮಗಳೂ ಅಳಿಯನೂ ಕೆಲಸದಿಂದ ಬರುವುದು ಏಳಕ್ಕೆ, ನನ್ನ ವಾಕಿಂಗಿನ ಹೊತ್ತು ಐದೂವರೆ, ಅಷ್ಟರೊಳಗೆ ಮುಗಿಸಬೇಕು, ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಇದೇನು ಬ್ರಹ್ಮವಿದ್ಯೆಯೇ, ಹನ್ನೊಂದು ಮಹಡಿಯ ಕತ್ತಲೆ ಬಾವಿಯೊಳಗೆ ನೇತಾಡುತ್ತ ಗ್ರೀಸು ಹಚ್ಚಿದ ಕೈ ಇದು, ಈಗ ಮಗಳ ಹಳೆಯ ಲ್ಯಾಪ್‌ಟಾಪಿನ ಮೇಲೆ ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಂಕಿ ಹೆಕ್ಕುತ್ತಿದೆ, ಒಂದು, ಒಂಬತ್ತು, ಎರಡು, ಚುಕ್ಕಿ, ಈ ಚುಕ್ಕಿ ಎಲ್ಲಿ ಅಡಗಿ ಕೂತಿದೆಯೋ, ಸಿಕ್ಕಿತು. ಬರಲಿ ಅವನು. ಊಟಕ್ಕೆ ಕೂತಾಗ ಹೇಳುತ್ತೇನೆ, ನೋಡಪ್ಪ, ನಿನ್ನ ಹಂಗಿಲ್ಲದೆ ನನ್ನ ಹೆಂಡತಿಯ ಮುಖ ನೋಡುವುದಕ್ಕೆ ಕಲಿತೆ, ಇನ್ನು ನೀನು ಹೊರಡಬಹುದು.

ಹೌದು, ನನ್ನ ಹೆಂಡತಿ, ಅವನ ಪೆಟ್ಟಿಗೆಯಲ್ಲಿ. ಅವಳು ಹೋಗಿ ಹದಿನಾಲ್ಕು ತಿಂಗಳು, ಅವಳು ಹೋಗಿ ತಿಂಗಳೊಪ್ಪತ್ತಾಗುವಷ್ಟರಲ್ಲೇ ಅಳಿಯರಾಯ ಅಟ್ಟದ ಮೇಲಿದ್ದ ವಿಡಿಯೊ ಕ್ಯಾಸೆಟ್ಟುಗಳನ್ನೆಲ್ಲ ಕೆಳಗಿಳಿಸಿದ, ಯಾರನ್ನು ಕೇಳಿ ಇಳಿಸಿದ, ಯಾರನ್ನೂ ಕೇಳಲಿಲ್ಲ, ಮಾವ, ಬೂಷ್ಟು ಹಿಡೀತಿದೆ, ಇನ್ನೊಂದು ವರ್ಷ ಬಿಟ್ರೆ ಅತ್ತೆಯವರ ಮುಖವೂ ಕಾಣ್ಸಲ್ಲ, ಎಲ್ಲಾ ಈ ಪೆಟ್ಟಿಗೆಗೆ ಹಾಕ್ತೀನಿ, ಒಳಗಿರೋ ಎರಡು ಡಿಸ್ಕಲ್ಲೂ ಒಂದೊಂದು ಕಾಪಿ ಇರುತ್ತೆ, ನೀವು ಟೀವೀಲೇ ನೋಡಬಹುದು ಅಂದ, ಅವನ ಮಾತೇ ಹಾಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಸಿಟ್ಟು ಬರಬೇಕಾದ ಕಡೆಯೂ ಪರವಾಗಿಲ್ಲ ಮಾವ, ಬೈದರೆ ಪರವಾಗಿಲ್ಲ ಮಾವ, ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆಯಬೇಡ ಎಂದರೆ ಪರವಾಗಿಲ್ಲ ಮಾವ ಒಣಗುತ್ತೆ — ಸಿಟ್ಟಾಗದ ಗಂಡಸನ್ನು ಹೇಗೆ ನಂಬುವುದು, ತಿರುಗಿ ಬೈದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಆದರೆ ದಿನಾ ಸಂಜೆ ವಾಕಿಂಗ್ ಮುಗಿಸಿ ಬಂದು ಟೀವಿ ಹಾಕಿದರೆ ಪೆಟ್ಟಿಗೆ ಸಿಗುವುದಿಲ್ಲ, ನಿನ್ನೆ ಇದ್ದ ನಂಬರಿನಲ್ಲಿ ಇವತ್ತು ಇಲ್ಲ, ಏಳು ಗಂಟೆಗೆ ಅವನು ಬಂದು, ಕೈಕಾಲು ತೊಳೆದು, ಕಾಫಿ ಕುಡಿದು, ಗುನುಗುತ್ತ ರಿಮೋಟು ಹಿಡಿದು ಟಕಟಕ ಅಂದರೆ ಅವಳು ಬರುತ್ತಾಳೆ, ನಾನು ಕರೆದರೆ ಬಾರದವಳು ಅವನು ಕರೆದರೆ ಬರುತ್ತಾಳೆ, ಪೆಟ್ಟಿಗೆಯ ಐಪಿ ನಂಬರ್ ಬದಲಾಗಿದೆ ಮಾವ, ಯಾಕೆ ಬದಲಾಯಿತು, ಕರೆಂಟ್ ಹೋಗಿ ಬಂದಿರುತ್ತೆ ಮಾವ. ಕರೆಂಟ್. ಯಾರ ಮುಂದೆ ಹೇಳುತ್ತಿದ್ದೀಯ. ನಮ್ಮ ಬೀದಿಯಲ್ಲಿ ಕರೆಂಟು ಹೋಗಿ ಎಷ್ಟು ಕಾಲವಾಯಿತು ಎಂದು ಮೂಲೆಯ ಹಿಟ್ಟಿನ ಗಿರಣಿಯವನನ್ನು ಕೇಳಿದೆ, ಹೋಗಿಲ್ಲ ಯಜಮಾನ್ರೇ, ಹೋದ್ರೆ ನನ್ನ ಹೊಟ್ಟೆಗೇ ಮೊದಲು ಗೊತ್ತಾಗುತ್ತೆ ಅಂದ. ಅಂದರೆ ಇವನೇ ಕೀಳುತ್ತಾನೆ, ಬೆಳಿಗ್ಗೆ ಹೊರಡುವಾಗ ಸದ್ದಿಲ್ಲದೆ ಪ್ಲಗ್ಗು ಕಿತ್ತು ಹಾಕಿ ನಂಬರು ಕೆಡಿಸುತ್ತಾನೆ, ಮುದುಕ ಸಂಜೆ ಮಗುವಿನ ಹಾಗೆ ಬಾಗಿಲು ಕಾಯುತ್ತ ಕೂರಲಿ ಎಂದು. ಭಾನುವಾರ ಮಗಳಿಗೆ ಹೇಳಿದ್ದಾಯಿತು, ನೀವಿಬ್ಬರೂ ಬೇರೆ ಮನೆ ನೋಡಿಕೊಳ್ಳಿ ಎಂದು. ಅವಳು ಅಳಲಿಲ್ಲ, ತಾಯಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟಳು, ಅಪ್ಪಾ, ಸಾಕ್ಷಿ ಏನಿದೆ ನಿಮ್ಹತ್ರ, ಸಾಕ್ಷಿ ತೋರ್ಸಿ, ಅವತ್ತೇ ಗಂಟುಮೂಟೆ ಕಟ್ತೀವಿ. ತೋರಿಸುತ್ತೇನೆ ತಾಯಿ, ಇವತ್ತೇ ತೋರಿಸುತ್ತೇನೆ.

ತೆರೆಯಿತು. ರೂಟರಿನ ಪುಟ ಇದೇ, ಪಾಸ್‌ವರ್ಡು ಕೇಳುತ್ತಿದೆ, ಅದು ನನ್ನ ಹತ್ತಿರವೇ ಇದೆ, ಸ್ಪ್ಯಾನರುಗಳ ಡಬ್ಬಿಯಲ್ಲಿ, ಕನೆಕ್ಷನ್ ನನ್ನ ಹೆಸರಿನಲ್ಲಿ, ರೂಟರು ನನ್ನದು, ಪಾಸ್‌ವರ್ಡೂ ನನ್ನದು, ಕೊಡಿ ಮಾವ, ಒಳಗೆ ಯಾವ ನಂಬರ್ ಖಾಲಿ ಇದೆ ನೋಡಿ ಪೆಟ್ಟಿಗೆಗೆ ಕಾಯಂ ಮಾಡಿಬಿಡ್ತೀನಿ ಅಂತ ಎರಡು ಸಲ ಕೇಳಿದ, ಕೊಡಲಿಲ್ಲ, ತಿಜೋರಿಯ ಕೀಲಿಯನ್ನು ಯಾರಾದರೂ ಕೊಡುತ್ತಾರೆಯೇ. ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗಿ ಬಿಲ್ಲಿನ ಹಿಂದೆ ಎಲ್ಲ ಬರೆದುಕೊಟ್ಟಿದ್ದಾಳೆ, ಒಳ್ಳೆಯ ಹುಡುಗಿ, ಬಾಯಿ ಸ್ವಲ್ಪ ಜಾಸ್ತಿ, ರೂಟರ್ ಅಂದ್ರೆ ಬ್ಯಾಂಕಲ್ಲಿ ಟೋಕನ್ ಕೊಡೋರ ಹಾಗೆ ಅಂಕಲ್, ಮೊದಲು ಬಂದೋರಿಗೆ ಮೊದಲ ಟೋಕನ್, ಆಫ್ ಆಗಿ ಆನ್ ಆದ್ರೆ ಎಲ್ಲಾ ಮರೆತು ಮತ್ತೆ ಮೊದಲಿಂದ ಹಂಚುತ್ತೆ, ಟೀವಿ ಮುಂದೆ ನುಗ್ಗಿದ್ರೆ ಪೆಟ್ಟಿಗೆಗೆ ಹಿಂದಿನ ನಂಬರ್, ಅದಕ್ಕೇ ನೀವು ಪೆಟ್ಟಿಗೆಗೆ ಒಂದು ನಂಬರ್ ಬರೆದು ಕೊಟ್ಬಿಡಿ, ಸಾಲಲ್ಲಿ ನಿಲ್ಲೋದೇ ಬೇಡ, ಆದ್ರೆ ಅಂಕಲ್, ನಿಮ್ಮ ಅಳಿಯಂದಿರು ಮಾಡಲ್ವಾ ಇದನ್ನ. ನಿನಗ್ಯಾಕಮ್ಮ ಅದು ಅಂದೆ. ಯಾವಾಗ ಆಫ್ ಆಯ್ತು ಅನ್ನೋದೂ ಪೆಟ್ಟಿಗೆಯೊಳಗೇ ದಾಖಲಾಗಿರುತ್ತೆ ಅಂಕಲ್, ಬೇಕಾದ್ರೆ ನೋಡಿ ಅಂದಳು, ಆ ಮಾತು ಕಿವಿಗೆ ಬಿದ್ದದ್ದೇ ನಾನು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದೆ. ದಾಖಲೆ ಪುಸ್ತಕದ ಬೆಲೆ ನನಗೆ ಗೊತ್ತು, ಪ್ರತಿ ಲಿಫ್ಟಿನ ಮೋಟಾರು ಕೋಣೆಯಲ್ಲೂ ಒಂದು ಇರುತ್ತದೆ, ಎಷ್ಟು ಜನ ಕಾವಲುಗಾರರನ್ನು ಅದರಿಂದ ಹಿಡಿದಿಲ್ಲ ನಾನು, ನಾನು ಮುಟ್ಟೇ ಇಲ್ಲ ಸಾರ್ ಅನ್ನುವ ಬಾಯಿ ಒಂದು ಕಡೆ, ಪುಸ್ತಕದ ಗಂಟೆ ನಿಮಿಷ ಒಂದು ಕಡೆ.

ಮೊದಲು ನಂಬರು. ರೂಟರು ಹಂಚುವುದು ಎರಡರಿಂದ ನೂರರವರೆಗೆ, ಅದರಾಚೆಗಿನದು ಕೊಡಬೇಕು, ಇಲ್ಲದಿದ್ದರೆ ಒಂದೇ ಕುರ್ಚಿಯಲ್ಲಿ ಇಬ್ಬರು ಕೂತ ಹಾಗಾಗುತ್ತೆ ಎಂದಿದ್ದಾಳೆ ಹುಡುಗಿ, ಸರಿ, ನೂರಹನ್ನೊಂದು. ಈಗ ಪೆಟ್ಟಿಗೆಯ ಪುಟ, ರೂಟರಿನ ಪಟ್ಟಿಯಲ್ಲಿ ಅದರ ಇವತ್ತಿನ ಟೋಕನ್ ಏಳು, ಏಳರ ಬಾಗಿಲು ತಟ್ಟಿದೆ, ತೆರೆಯಿತು, ನೆಟ್‌ವರ್ಕು, ತಾನೇ ಪಡೆದುಕೋ ಎನ್ನುವಲ್ಲಿ ಇರುವ ಚುಕ್ಕೆಯನ್ನು ನಾನು ಕೊಡುತ್ತೇನೆ ಎನ್ನುವ ಕಡೆಗೆ ಸರಿಸು, ನಂಬರು, ಅದರ ಕೆಳಗೆ ಎರಡುನೂರೈವತ್ತೈದು ಮೂರು ಸಲ ಒಂದು ಸೊನ್ನೆ, ಅದರ ಕೆಳಗೆ ರೂಟರಿನ ನಂಬರು, ಒಂದಕ್ಕೆ ಎರಡು ಸಲ ಚೀಟಿ ನೋಡಿದೆ, ಒತ್ತಲೇ, ಒತ್ತಿದರೆ ಪೆಟ್ಟಿಗೆ ಒಮ್ಮೆ ಮಲಗಿ ಏಳುತ್ತದಂತೆ — ಒತ್ತಿದೆ, ನೀಲಿ ದೀಪ ಆರಿತು. ಆರಿತು. ಏಳು, ಏಳು ಮಾರಾಯ. ಅವಳು ಒಳಗಿದ್ದಾಳೆ. ಅವತ್ತೂ ಹೀಗೇ, ಬಚ್ಚಲುಮನೆಯ ಬಾಗಿಲ ಕೆಳಗಿನ ಬೆಳಕಿನ ಗೆರೆ ಒಮ್ಮೆಗೇ ಆರಿ, ಒಳಗಿನಿಂದ ಅವಳ ದನಿ, ರೀ, ನಾನಿನ್ನೂ ಒಳಗಿದ್ದೀನಿ, ಅವಳು ಸ್ನಾನಕ್ಕೆ ಹೋದದ್ದು ಮರೆತು ಮನೆಯ ಮೇನ್ ಸ್ವಿಚ್ಚು ಇಳಿಸಿ ಚಪ್ಪಲಿ ಮೆಟ್ಟಿದ್ದೆ, ಏನು ಮಾಡಲಿ, ಕಸುಬಿನ ಮೊದಲ ದಿನವೇ ನನ್ನ ಮೇಸ್ತ್ರಿ ಕೆನ್ನೆಗೆ ಬಿಟ್ಟು ಕಲಿಸಿದ ಪಾಠ, ಕೈ ಇಡೋ ಮುಂಚೆ ಮೇನ್ ಇಳಿಸು, ಬಿಟ್ಟು ಹೊರಡೋ ಮುಂಚೆ ಮೇನ್ ಇಳಿಸು. ಆ ಕತೆಯನ್ನು ಅವಳು ಊರಿಗೆಲ್ಲ ಹೇಳಿದಳು, ಕ್ಯಾಸೆಟ್ಟಿನಲ್ಲೂ ಹೇಳಿದ್ದಾಳೆ, ದಿನಾ ಸಂಜೆ ನಾನು ನೋಡುವುದು ಅದನ್ನೇ, ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತ, ಇವರಿಗೆ ಮನೆಯೂ ಒಂದು ಲಿಫ್ಟೇ ಕಣ್ರೀ, ಹೆಂಡತಿ ಒಳಗೆ ಸಿಕ್ಹಾಕ್ಕೊಂಡ್ರೂ ಸರಿ, ಮೇನ್ ಮಾತ್ರ ಇಳಿದಿರ್ಬೇಕು, ಆಮೇಲೆ ನಗು, ನಗು ಕೆಮ್ಮಾಗಿ ತಿರುಗುವುದು, ಒಂದು ಬಟಾಣಿ ಉರುಳಿ ನೆಲಕ್ಕೆ ಬೀಳುವುದು, ಅದು ಎಲ್ಲಿ ನಿಲ್ಲುತ್ತದೆಂದು ನನಗೆ ಈಗ ಬಾಯಿಪಾಠ. ಎದ್ದಿತು. ಪಿಳಿ. ಪಿಳಿ. ಟೀವಿಯಲ್ಲಿ ನೂರಹನ್ನೊಂದು ಬರೆದೆ, ಅವಳು ಬಂದಳು, ಅಳಿಯನಿಲ್ಲದೆ, ನಾನು ಕರೆದದ್ದಕ್ಕೇ. ಗೆದ್ದೆ. ದನಿ ಕಡಿಮೆ ಮಾಡಿ ಇಡುತ್ತೇನೆ, ನಗುತ್ತಿರಲಿ, ಈಗ ಪುಸ್ತಕ ತೆಗೆಯೋಣ.

ದಾಖಲೆ ಇಂಗ್ಲಿಷಿನಲ್ಲಿದೆ, ಇರಲಿ, ಗಂಟೆಗೆ ಯಾವ ಭಾಷೆ, ಕೆಂಪು ಸಾಲುಗಳೆಲ್ಲ ಹಠಾತ್ತನೆ ಆಫ್ ಆದದ್ದು, ಹುಡುಗಿ ಹೇಳಿದ್ದಳು, ಅಯ್ಯೋ ಎಷ್ಟೊಂದು ಕೆಂಪು, ಮುನ್ನೂರ ತೊಂಬತ್ತು ಸಲ. ನಿನ್ನೆ ಐದೂವರೆಗೆ ಆಫ್, ಆರೂ ನಲವತ್ತಕ್ಕೆ ಆನ್. ಮೊನ್ನೆ ಐದೂ ಮೂವತ್ತೆರಡು. ಅದರ ಹಿಂದಿನ ದಿನ ಐದೂ ಇಪ್ಪತ್ತೊಂಬತ್ತು. ಬೆಳಿಗ್ಗೆ ಅಲ್ಲ, ಸಂಜೆ, ಅಂದರೆ ನಾನು ವಾಕಿಂಗಿಗೆ ಹೋಗುವುದನ್ನೇ ಕಾಯುತ್ತಾನೆ, ಕೆಲಸದಿಂದ ಕದ್ದು ಬಂದು ಕಿತ್ತು ಹಾಕಿ ವಾಪಸು ಹೋಗುತ್ತಾನೆ, ಕಳ್ಳ, ಬೆಣ್ಣೆಗಳ್ಳ, ಸಿಕ್ಕಿಬಿದ್ದೆ, ಬರೆದಿಟ್ಟುಕೊಳ್ಳಬೇಕು, ಪೆನ್ನು ಎಲ್ಲಿ. ಹೋದ ತಿಂಗಳ ಎಂಟರಿಂದ ಹನ್ನೊಂದು — ಕೆಂಪೇ ಇಲ್ಲ. ಯಾಕಿಲ್ಲ. ಎಂಟರಿಂದ ಹನ್ನೊಂದು ನನಗೆ ಜ್ವರ, ನಾನು ಹೊರಗೇ ಹೋಗಿರಲಿಲ್ಲ, ಸರಿ, ನಾನಿದ್ದೆನಲ್ಲ, ಅವನಿಗೆ ಬರಲಾಗಲಿಲ್ಲ. ಹದಿನೇಳು, ಬೆಳಿಗ್ಗೆ ಹತ್ತೂಕಾಲು. ಹದಿನೇಳಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ, ಹತ್ತೂಕಾಲಿಗೆ ಮನೆ ಬಿಟ್ಟಿದ್ದೆ, ಹೇಗೆ ಗೊತ್ತಾಯಿತು ಅವನಿಗೆ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಐದೂವರೆ, ಐದೂವರೆ, ಐದೂ ಮೂವತ್ತೊಂದು. ತಡಿ. ಆ ಮೂರು ದಿನ ಅವನು ಊರಲ್ಲೇ ಇರಲಿಲ್ಲ, ತಂಗಿಯ ಮನೆಗೆ ಹೋಗಿದ್ದ, ನಾನೇ ಅಲ್ಲವೇ ಪೀಡೆ ಮೂರು ದಿನ ತೊಲಗಿತು ಎಂದುಕೊಂಡದ್ದು, ಮೂರು ಸಂಜೆಯೂ ಪೆಟ್ಟಿಗೆ ಸಿಗದೆ ರಿಮೋಟನ್ನು ಸೋಫಾದ ಮೇಲೆ ಬೀಸಿ ಒಗೆದದ್ದು.

ಯಾರು ಹಾಗಾದರೆ. ಮಗಳೇ. ಛೆ, ಅವಳು ಬರುವುದೂ ಏಳಕ್ಕೆ. ಐದೂವರೆಗೆ ಈ ಮನೆಯಲ್ಲಿ ಯಾರಿರುತ್ತಾರೆ, ಯಾರೂ ಇರುವುದಿಲ್ಲ, ಕೊನೆಗೆ ಹೊರಡುವವನು ನಾನು, ಕನ್ನಡಕ, ಬೀಗದ ಕೈ, ಕರವಸ್ತ್ರ, ಚಪ್ಪಲಿ, ಆಮೇಲೆ — ಆಮೇಲೆ ಕೈ ಮೇಲಕ್ಕೆ ಹೋಗುತ್ತದೆ. ಅದನ್ನು ಕರೆಂಟು ಹೋದದ್ದು ಅನ್ನುತ್ತಾರೆಯೇ, ಅದು ನಾನು ಇಳಿಸಿದ್ದು, ಹೋಗುವುದು ಬೇರೆ ಇಳಿಸುವುದು ಬೇರೆ, ಇಳಿಸಿದರೆ ಎಲ್ಲವೂ ಕ್ಷೇಮ, ಮೂವತ್ತೈದು ವರ್ಷ ಇಳಿಸಿದ್ದಕ್ಕೇ ಹತ್ತು ಬೆರಳೂ ಉಳಿದಿವೆ. ಅವನು ಒಂದು ದಿನ ಬಾಯಿ ತೆರೆದಿದ್ದ, ಮಾವ, ನೀವು ಹೊರಗೆ ಹೋಗುವಾಗ ಆ ಮೇನ್ ಏನಿದೆಯಲ್ಲ, ಅಷ್ಟೇ ಅಂದದ್ದು, ನನಗೆ ಕರೆಂಟಿನ ಪಾಠ ಹೇಳ್ಕೊಡೋಕೆ ಬಂದ್ಯೇನಯ್ಯ, ನೀನು ಹುಟ್ಟೋ ಮುಂಚೆ ನಾನು ಹೈ ವೋಲ್ಟೇಜು ಮುಟ್ಟಿದ್ದೀನಿ ಎಂದು ಗದರಿದೆ, ಅನ್ನ ಕಲಸುತ್ತಿದ್ದ ಅವನ ಕೈ ನಿಂತಿತು, ಪರವಾಗಿಲ್ಲ ಮಾವ ಅಂದ, ಆಮೇಲೆ ಎಂದೂ ಎತ್ತಲಿಲ್ಲ, ಎತ್ತಬಾರದಿತ್ತೇ, ಇನ್ನೊಂದು ಸಲ ಹೇಳಬಾರದಿತ್ತೇ, ಅಳಿಯನಾಗಿ ಇಷ್ಟೂ ಧೈರ್ಯವಿಲ್ಲದಿದ್ದರೆ — ಇದೇನು ಕೆಳಗೆ, ಹಳದಿ ಸಾಲು, ಆರು ತಿಂಗಳ ಹಿಂದೆ, ಒಂದನೇ ಡಿಸ್ಕು ಕೆಟ್ಟಿದೆ. ಅದರ ಮುಂದಿನ ಭಾನುವಾರ, ಹೊಸ ಡಿಸ್ಕು ಹಾಕಲಾಗಿದೆ. ಆ ಭಾನುವಾರ ಗೊತ್ತು ನನಗೆ, ಟೀವಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನದೇ ಸ್ಕ್ರೂಡ್ರೈವರು ಕೇಳದೆ ತೆಗೆದುಕೊಂಡು, ಏನಯ್ಯ ಅದು ಎಂದರೆ ಧೂಳು ಹೊಡೀತಿದ್ದೀನಿ ಮಾವ ಅಂದ. ಧೂಳು. ಮೇಲೆ ಇನ್ನೊಂದು ಹಳದಿ, ಇದು ಹೋದ ವಾರದ್ದು. ಎರಡನೇ ಡಿಸ್ಕು ಕೆಡುತ್ತಿದೆ. ಕಾರಣದ ಜಾಗದಲ್ಲಿ ಆ ಕೆಂಪು ಸಾಲಿನ ಮಾತೇ, ಹಠಾತ್ ಆಫ್, ಹಠಾತ್ ಆಫ್. ನಾನೇ, ದಿನಾ ಸಂಜೆ, ನನ್ನ ಕೈಯಾರೆ, ಅವಳನ್ನು.

ಗಂಟೆ ಎಷ್ಟಾಯಿತು, ಐದೂ ಇಪ್ಪತ್ತೆಂಟು, ಹೋಗಿ ಬರೋಣ, ತಲೆಗೆ ಗಾಳಿ ಬೇಕು, ಗಾಳಿ ಬಿದ್ದರೆ ಏನಾದರೂ ಹೊಳೆಯುತ್ತದೆ, ಮಗಳು ಸಾಕ್ಷಿ ಎಲ್ಲಿ ಎಂದರೆ ಏನು ಹೇಳುವುದು, ಸಿಗಲಿಲ್ಲ ಎಂದರೆ ಸುಳ್ಳು, ಸಿಕ್ಕಿತು ಎಂದರೆ — ಸಿಕ್ಕಿತು ಎನ್ನಬೇಕು, ಅವನ ಎದುರಿಗೇ ಎನ್ನಬೇಕು, ಅವನು ಪರವಾಗಿಲ್ಲ ಮಾವ ಅನ್ನುತ್ತಾನೆ, ಆ ಮಾತನ್ನು ಹೇಗಪ್ಪ ಕೇಳುವುದು, ಒಂದೇ ಒಂದು ಸಲ ಅವನು ಬೈಯಬಾರದೇ. ಕನ್ನಡಕ, ಬೀಗದ ಕೈ, ಕರವಸ್ತ್ರ. ಒಳಗೆ ಅವಳು ಇನ್ನೂ ಬಟಾಣಿ ಬಿಡಿಸುತ್ತಿದ್ದಾಳೆ, ದನಿ ಇಲ್ಲ, ತುಟಿ ಅಷ್ಟೇ, ಚಪ್ಪಲಿ ಮೆಟ್ಟಿದೆ, ನಡುಮನೆಯ ಬಾಗಿಲು ಎಳೆದುಕೊಂಡೆ, ಬಾಗಿಲ ಕೆಳಗೆ ಟೀವಿಯ ಬೆಳಕು ನೆಲದ ಮೇಲೆ ಗೆರೆಯಾಗಿ ಬಿದ್ದಿದೆ, ನೀಲಿ, ತೆಳ್ಳಗೆ, ನನ್ನ ಹೆಬ್ಬೆರಳ ತನಕ, ಮತ್ತು ನನ್ನ ಬಲಗೈ, ನಾನು ಹೇಳದೆ, ಯಾರೂ ಹೇಳದೆ, ಆಗಲೇ ಮೇಲೆ ಹೋಗಿದೆ, ಮೇನಿನ ಹಿಡಿಯ ತಣ್ಣನೆಯ ಕಬ್ಬಿಣ ಅಂಗೈಯಲ್ಲಿದೆ — ಬಿಡು, ಬಿಡೋ ಮುದುಕ, ಬೆರಳು ಬಿಚ್ಚುತ್ತಿಲ್ಲ — ಬಾಗಿಲ ಕೆಳಗಿನ ಬೆಳಕಿನ ಗೆರೆ, ಬಾಗಿಲ ಕೆಳಗಿನ ಬೆಳಕಿನ ಗೆರೆ, ಬಾಗಿಲ ಕೆಳಗೆ ಇನ್ನೂ ಆರದ ಆ ಬೆಳಕಿನ ಗೆರೆ