ಕಂಬಕ್ಕೆ ಕಟ್ಟಬ್ಯಾಡ್ರಿ

ಗಡಿಗೆಪ್ಪ ಹೊಸ ಧೋತರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಚರ್ರನೆ ಹರಿದ. ಪಟ್ಟಿಯನ್ನು ಸತ್ತ ತಮ್ಮನ ಗದ್ದದ ಕೆಳಗೆ ಹಾಯಿಸಿ, ಎರಡೂ ತುದಿಗಳನ್ನು ಹಿಂದಿನ ಕಂಬಕ್ಕೆ ಸುತ್ತಿ ಬಿಗಿಯುತ್ತಿದ್ದಾಗ ಶೈಲಶ್ರೀ ಹಿತ್ತಲಿಂದ ನೀರಿನ ಕೊಡ ಹೊತ್ತು ಬಂದಳು. ಗಂಡನ ಕೊರಳ ಬಳಿ ಭಾವನ ಕೈ ನೋಡಿದಳು. ಕೊಡವನ್ನು ಇಳಿಸಲಿಲ್ಲ, ಕೈಬಿಟ್ಟಳು. ಅದು ಪಡಸಾಲೆಯ ಹಾಸುಗಲ್ಲಿಗೆ ಬಡಿದು ಕೂತವರ ಮಡಿಲೆಲ್ಲ ನೀರಾಯಿತು.

"ಕಟ್ಟಬ್ಯಾಡ್ರಿ ಭಾವ."

"ಏನು?"

"ಅವರ್ನ ಕಂಬಕ್ಕ ಕಟ್ಟಬ್ಯಾಡ್ರಿ ಅಂದೆ."

ಗಡಿಗೆಪ್ಪ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. ಅವನ ಪ್ರಕಾರ ಇದರಲ್ಲಿ ಕೇಳುವಂಥದ್ದೇನಿಲ್ಲ. ಲಿಂಗಾಯತರ ಮನೆಯ ಹೆಣ ಕೂತೇ ಹೋಗಬೇಕು, ಕೂತೇ ಕುಣಿಗಿಳಿಯಬೇಕು. ಮೈ ಸೆಟೆಯುವ ತನಕ ತಲೆ ಜೋಲದಂತೆ ಬಟ್ಟೆ ಕಟ್ಟುತ್ತಾರೆ. ದೇವದುರ್ಗದ ಇದೇ ಪಡಸಾಲೆಯಲ್ಲಿ ಅವರ ಅಪ್ಪನೂ ಹಾಗೇ ಕೂತು ಹೋಗಿದ್ದ. ಆದರೆ ಅಪ್ಪನನ್ನು ಕಟ್ಟಿದ್ದು ಗೋಡೆಯ ಮೊಳೆಗೆ. ಈ ಕಂಬದ ಕತೆಯೇ ಬೇರೆ. ಸತ್ತ ತಮ್ಮ ಕೊಟ್ರೇಶ ಚಿಕ್ಕವನಿದ್ದಾಗ ಮಳೆ, ಬಿಸಿಲು, ಹಬ್ಬ, ಹುಣ್ಣಿಮೆ ಎನ್ನದೆ ಅವನನ್ನು ಕಟ್ಟಿ ಹಾಕುತ್ತಿದ್ದ ಕಂಬ ಅದು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಶೈಲಶ್ರೀ ಭಾವನ ಮೇಲೆ ಬಿದ್ದು ಮುಂಗೈ ಕಚ್ಚಿದಳು. ಹೆದರಿಸಲೆಂದು ಕಚ್ಚಿದ್ದಲ್ಲ, ರಕ್ತ ಬರುವಂತೆ ಕಚ್ಚಿದಳು. ಗಡಿಗೆಪ್ಪ ಒದರುತ್ತ ಇನ್ನೊಂದು ಕೈಯಿಂದ ಅವಳ ಕಪಾಳಕ್ಕೆ ಬಾರಿಸಿದ. ಭಜನೆಯವರ ತಾಳ ನಿಂತುಹೋಯಿತು.

"ಹುಚ್ಚನ ಜೋಡಿ ಇದ್ದು ಇದ್ದು ಇಕಿಗೂ ಹುಚ್ಚ ಹಿಡದಾದ," ಎಂದ ಗಡಿಗೆಪ್ಪ, ರಕ್ತ ಝಾಡಿಸುತ್ತ.

*

ಊರು ಕೊಟ್ರೇಶನಿಗೆ ಇಟ್ಟ ಹೆಸರು ಬುಗುರಿ. ಕೂಡು ಎಂದರೆ ಏಳುವವನು, ಏಳು ಎಂದರೆ ಓಡುವವನು. ಮದುವೆಯಾಗಿ ಮಾನ್ವಿಯಲ್ಲಿ ಮನೆ ಮಾಡಿದ ಮೇಲೂ ಕಾಲಿನ ಚಕ್ರ ಬಿಚ್ಚಲಿಲ್ಲ. ಕೋಳಿ ಸಾಕಿದ, ಮೊಬೈಲ್ ರಿಪೇರಿ ಕಲಿತ, ಗೋಲಿಸೋಡಾದ ಮಿಷನ್ ತಂದ. ಎಲ್ಲದರಲ್ಲೂ ಆರಂಭಶೂರ. ಕಡೆಗೆ ನಿಂತದ್ದು ಸೈಫುದ್ದೀನನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ. ತಾಮ್ರದ ತಂತಿ ಸುತ್ತಲು ಕೂತನೆಂದರೆ ಊಟ, ಉಚ್ಚೆ ಎರಡೂ ಮರೆತುಬಿಡುತ್ತಿದ್ದ.

ಮನೆಯಲ್ಲಿ ಮಾತ್ರ ಅದೇ ತಾಟು, ಅದೇ ಹೆಸರುಬ್ಯಾಳಿ, ಅದೇ ಮೂಲೆ ಬೇಕು. ತಾಟು ಬದಲಾದರೆ ಉಪವಾಸ. ಹಾಗೆಂದು ಆ ಮೂಲೆಯಲ್ಲಾದರೂ ನೆಟ್ಟಗೆ ಕೂಡುತ್ತಿದ್ದನೇ? ಬೇಸರ ಬಂದು ಗಾಡಿ ಹತ್ತಿ ಸಿರವಾರದ ತನಕ ಹೋಗಿ, ಚಹಾನೂ ಕುಡಿಯದೆ ತಿರುಗಿ ಬರುತ್ತಿದ್ದ. ಮನೆಯ ಕೀಲಿ ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತಿತ್ತು.

ಮದುವೆಯ ಮೊದಲ ವರ್ಷ ಪಕ್ಕದ ಮನೆಯವರು ಒಂದು ಸಂಜೆ ಡಿಜೆ ಹಚ್ಚಿದರು. ಕೊಟ್ರೇಶ ಕಿವಿ ಮುಚ್ಚಿಕೊಂಡು ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ. ಸುಣ್ಣದ ಮೇಲೆ ರಕ್ತದ ಕಲೆ ಬಿತ್ತು. ಶೈಲಶ್ರೀ ಹೆದರಿ ಹೆದರಿ ಬೆನ್ನು ಸವರಿದಳು. ಅವನು ಕೈ ಬೀಸಿದ ರಭಸಕ್ಕೆ ಅವಳ ತುಟಿ ಒಡೆಯಿತು.

"ಮೆಲ್ಲಕ ಮುಟ್ಟಬ್ಯಾಡ, ಉರೀತದ!" ಎಂದು ಕಿರುಚಿದ. "ಹಿಡಿದ್ರ ಬಿಗಿ ಹಿಡಿ! ಎಲುಬು ಮುರಿಯಂಗ ಹಿಡಿ!"

ಅವಳು ಹಿಂದಿನಿಂದ ಎರಡೂ ತೋಳು ಹಾಕಿ ಇದ್ದಬದ್ದ ಬಲದಿಂದ ಅವುಚಿದಳು. ಸ್ವಲ್ಪ ಹೊತ್ತಿಗೆ ಅವನ ಉಸಿರು ತಗ್ಗಿತು. ಬಿಡು ಎಂದ, ಬಿಟ್ಟಳು. ಆಮೇಲೆ ಅವಳ ಒಡೆದ ತುಟಿ ನೋಡಿ ಮಗುವಿನಂತೆ ಅತ್ತ. ಕಂಬದ ಸುದ್ದಿಯನ್ನು ಅವತ್ತೇ ಮೊದಲು ಹೇಳಿದ್ದು.

"ನೀ ಬಿಡು ಅಂದ್ರ ಬಿಡ್ತಿ. ಕಂಬಕ್ಕ ಕಿವಿ ಇರಲಿಲ್ಲ ಶೈಲಾ."

ನಲವತ್ತು ದಾಟಿದ ಮೇಲೆ ಸೈಫುದ್ದೀನನೇ ಬಲವಂತ ಮಾಡಿ ರಾಯಚೂರಿನ ಮನೋವೈದ್ಯೆಯ ಹತ್ತಿರ ಕಳಿಸಿದ. ಆಕೆ ಹಲವು ಸಲ ಕರೆಸಿ ಮಾತಾಡಿಸಿ, ನಿನಗಿರುವುದು ಒಂದಲ್ಲ ಎರಡು, ಹುಟ್ಟಿದಾಗಿನಿಂದಲೂ ಇವೆ ಎಂದಳು. ಒಂದು ಆಟಿಸಂ, ಎಲ್ಲ ಇದ್ದಂತೆ ಇರಲಿ, ಸದ್ದು ಬೇಡ ಎನ್ನುತ್ತದೆ. ಇನ್ನೊಂದು ಎಡಿಎಚ್‌ಡಿ, ಇದ್ದಂತೆ ಇರಲು ಬಿಡುವುದೇ ಇಲ್ಲ.

"ಅಂದ್ರ ಎತ್ತು ಏರಿಗೆಳದ್ರ ಕೋಣ ನೀರಿಗೆಳೀತು ಅಂದಂಗಾತಲ್ರಿ ಮೇಡಂ," ಎಂದು ಕೊಟ್ರೇಶ ಜೋರಾಗಿ ನಕ್ಕ. ಮಾನ್ವಿಯ ಬಸ್ಸು ಹತ್ತಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ, "ನಾ ಹುಚ್ಚ ಅಲ್ಲಂತ," ಎಂದ. ಊರು ಮುಟ್ಟುವ ತನಕ ಅದೊಂದೇ ಮಾತು.

*

ಐದು ಬೆರಳು ಮೂಡಿದ ಕೆನ್ನೆ ಹೊತ್ತುಕೊಂಡೇ ಶೈಲಶ್ರೀ ಕಂಬಕ್ಕೂ ಭಾವನಿಗೂ ನಡುವೆ ನಿಂತಳು. ಮೂಲೆಯಲ್ಲಿ ಗೋಡೆಗೊರಗಿದ್ದ ಅತ್ತೆ ಬಸವಂತಮ್ಮ ಬಾಯಿ ತೆಗೆದಳು.

"ಅವ್ನ ಯಾಕ ಕಚ್ಚತಿ? ಕಟ್ಟಸಿದಾಕಿ ನಾ. ಹಿತ್ತಲದಾಗ ಬಾವಿ ಇತ್ತು, ಸುತ್ತ ಕಟ್ಟಿ ಇರಲಿಲ್ಲ. ಎರಡು ಸಲ ಓಡಿಹೋಗಿ ಬಿದ್ದಿದ್ದ. ನಾ ಕೂಲಿಗಿ ಹೋಗ್ಲೋ, ಇವನ ಬೆನ್ನ ಹತ್ತಿ ಓಡ್ಲೋ? ನಾ ಕಟ್ಟಲಿಲ್ಲಂದ್ರ ನಿನಗ ಗಂಡ ಎಲ್ಲಿಂದ ಬರ್ತಿದ್ದ ಬೇ?"

ಮುದುಕಿ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕಟ್ಟಿಸಿಕೊಂಡವನನ್ನು ಹೊಡೆಯುವುದು ಎಷ್ಟು ಸಲೀಸು! ಅಪ್ಪ ಬಾರುಕೋಲಿನಿಂದ ಹೊಡೆದ. ಗಾಳಿ ಬಿಡಿಸುವವನು ಬೇವಿನ ಬರಲಿನಿಂದ ಬೆನ್ನು ಕಿತ್ತುಬರುವಂತೆ ಹೊಡೆದ. ಅಪ್ಪನ ಕೈ ಸೋತ ಮೇಲೆ ಅಣ್ಣ ಹೊಡೆದ. ಬಾವಿಯಿಂದ ಉಳಿಸಿದ ಹಗ್ಗ ಇಷ್ಟಕ್ಕೆಲ್ಲ ಅನುಕೂಲವಾಯಿತು.

"ಅದು ಅವಾಗ ಅತ್ತಿ. ಈಗಿಂದು ಹೇಳ್ರಿ," ಎನ್ನುತ್ತ ಶೈಲಶ್ರೀ ಹೆಣದ ಮೇಲಿನ ಶಾಲು ಸರಿಸಿ ಎರಡೂ ಮುಂಗೈಗಳನ್ನು ಎತ್ತಿ ಹಿಡಿದಳು. ಮಣಿಕಟ್ಟಿನ ಸುತ್ತ ಚರ್ಮ ಸುಲಿದು ಕಪ್ಪಾಗಿತ್ತು. "ಈ ಕೈ ಕಟ್ಟಾಕ ಹೂಂ ಅಂದವ್ರು ಯಾರಂತ ನಿಮ್ಮ ಮಗನ್ನ ಕೇಳ್ರಿ."

*

ಡೆಂಗಿ ಜ್ವರ ತಲೆಗೇರಿ ಕೊಟ್ರೇಶನನ್ನು ರಾಯಚೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ತಲೆಯ ಮೇಲೆ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು, ಪಕ್ಕದ ಮಿಷನ್ನು ಬಿಡದೆ ಕೂಗುತ್ತಿತ್ತು, ಬಂದವರೆಲ್ಲ ಮುಟ್ಟುತ್ತಿದ್ದರು. ಬೆಳಗಿನ ಜಾವ ಅವನು ಸಲಾಯಿನ್ ಸೂಜಿ ಕಿತ್ತೆಸೆದ. ಹಿಡಿಯಲು ಬಂದ ಕಾಂಪೌಂಡರನ ಮೂಗಿಗೆ ಗುದ್ದಿದ. ಇಬ್ಬರು ಅವನ ಎದೆಯ ಮೇಲೆ ಕೂತರು.

"ಲೈಟ್ ಆರಿಸ್ರಿ, ಮಿಷನ್ ಸದ್ದು ಬಂದ್ ಮಾಡ್ರಿ. ನಾ ಹಿಡಕೊಂತೀನಿ, ಸುಮ್ಮಾಗ್ತಾರ," ಎಂದು ಶೈಲಶ್ರೀ ಕಂಡಕಂಡವರ ಕಾಲಿಗೆ ಬಿದ್ದಳು. ಲೈಟು ಆರಿಸಿದರೆ ತಗ್ಗುವ ರೋಗವನ್ನು ಅವರ್ಯಾರೂ ಓದಿದವರಲ್ಲ. ಆ ಮನೋವೈದ್ಯೆಯನ್ನೇ ಕರೆತರುತ್ತೇನೆಂದು ಅವಳು ಆಟೋ ಹಿಡಿದಳು. ಹೊರಡುವಾಗ, ದೇವದುರ್ಗದಿಂದ ಬಂದಿದ್ದ ಭಾವನ ಕೈ ಹಿಡಿದು, "ಕಟ್ಟಾಕ ಬಿಡಬ್ಯಾಡ್ರಿ," ಎಂದಳು. ಗಡಿಗೆಪ್ಪ ತಲೆಯಾಡಿಸಿದ.

ವೈದ್ಯೆಯೊಂದಿಗೆ ಅವಳು ತಿರುಗಿ ಬಂದಾಗ ಕೊಟ್ರೇಶನ ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು. ಕಣ್ಣು ತೆರೆದಿತ್ತು. ಉಸಿರು ಇರಲಿಲ್ಲ.

"ಸೂಜಿ ಇರಲಿಲ್ಲಂದ್ರ ಸಾಯ್ತಾನ ಅಂದ್ರು," ಎಂದ ಗಡಿಗೆಪ್ಪ.

*

ಮಣಿಕಟ್ಟು ಕಂಡ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಊರ ಮುಂದೆ ಮಾನ ಹೋದ ಗಡಿಗೆಪ್ಪನಿಗೆ ಮೈಮೇಲೆ ಬಂದಂತಾಯಿತು. ಶೈಲಶ್ರೀಯನ್ನು ಪಕ್ಕಕ್ಕೆ ನೂಕಿ ಮತ್ತೆ ಪಟ್ಟಿಗೆ ಕೈಹಾಕಿದ. ಬಾಗಿಲಲ್ಲಿ ನಿಂತಿದ್ದ ಸೈಫುದ್ದೀನ ಒಳನುಗ್ಗಿ ಅವನ ಕಾಲರ್ ಹಿಡಿದ.

"ಬ್ಯಾಡ ಅನ್ನಾಕತ್ತಾಳಲ್ಲ ಅಕಿ! ಜಿಂದಾ ಇದ್ದಾಗ ಕಟ್ಟಿದ್ದು ಸಾಲಲಿಲ್ಲೇನು?"

"ನಮ್ಮನಿ ಹೆಣದ ಮ್ಯಾಲ ನಿಂದೇನಲೇ?" ಗಡಿಗೆಪ್ಪ ಹಣೆಯಿಂದ ಗುದ್ದಿದ. ಸೈಫುದ್ದೀನನ ಮೂಗಿನಿಂದ ರಕ್ತ ಸುರಿಯಿತು, ಹಿಡಿತ ಸಡಿಲಲಿಲ್ಲ. ಬಿಡಿಸಲು ಬಂದವರೂ ಏಟು ತಿಂದರು, ಕೊಟ್ಟರು. ಆ ತಳ್ಳಾಟದಲ್ಲಿ ಪಟ್ಟಿ ಹರಿದು ಯಾರದೋ ಮೊಣಕಾಲು ಹೆಣಕ್ಕೆ ಬಡಿಯಿತು. ಕೊಟ್ರೇಶ ಮುಂದಕ್ಕೆ ಬೋರಲಾಗಿ ಬಿದ್ದ. ಹಣೆ ಹಾಸುಗಲ್ಲಿಗೆ ಬಡಿದ ಸದ್ದು ಅಂಗಳದವರಿಗೂ ಕೇಳಿಸಿತು.

ಎಲ್ಲರೂ ಇದ್ದಲ್ಲೇ ನಿಂತರು. ಶೈಲಶ್ರೀ ಮಾತ್ರ ಮುಂದೆ ಬಂದಳು. ಗಂಡನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ತಾನು ಕಂಬಕ್ಕೆ ಬೆನ್ನು ಕೊಟ್ಟು ಕೂತು, ಅವನನ್ನು ತನ್ನ ಮೊಣಕಾಲುಗಳ ನಡುವೆ ಎಳೆದುಕೊಂಡು, ಎದೆಯ ಸುತ್ತ ತೋಳು ಹಾಕಿ ಬೆರಳು ಹೆಣೆದಳು. ಅವನ ತಲೆಯನ್ನು ತನ್ನ ಕೆನ್ನೆಗೆ ಆನಿಸಿ, ಜೋಲದಂತೆ ಗದ್ದದಿಂದ ಒತ್ತಿ ಹಿಡಿದಳು.

"ಇದೇನ ಬೇ ಇದು, ಗಂಡಸರ ಮುಂದ," ಎಂದಳು ಒಬ್ಬ ಮುದುಕಿ.

"ಸೆಟೆಯೋತನ ಹಿಂಗ ಕುಂದರ್ತೀನಿ. ಯಾರರ ಹತ್ರ ಬಂದ್ರ ಗಂಟಲ ಕಚ್ತೀನಿ."

ಗಡಿಗೆಪ್ಪ ಅಯ್ಯನೋರ ಮುಖ ನೋಡಿದ. ಕ್ರಿಯೆ ಮಾಡಿಸಲು ಬಂದಿದ್ದ ಆ ವಯಸ್ಸಾದ ಜಂಗಮ ಶಾಸ್ತ್ರ ತೆಗೆಯುತ್ತಾನೆಂದು ಎಲ್ಲರೂ ಕಾದರು. ಅವನು ಬಾಗಿ ಕೊಟ್ರೇಶನ ಅಂಗೈಯಲ್ಲಿ ಲಿಂಗ ಸರಿಯಾಗಿ ಕೂರಿಸಿ, ಹಣೆಯ ಗಾಯಕ್ಕೂ ವಿಭೂತಿ ಹಚ್ಚಿದ.

"ಭಜನಿ ಹಚ್ರಿ. ಡೊಳ್ಳು ಬ್ಯಾಡ," ಎಂದ.

ಹೊತ್ತು ಏರಿತು. ದರ್ಶನಕ್ಕೆ ಬಂದವರು ಸತ್ತವನಿಗೆ ಹಾಕಿದ ಹೂವು ಬದುಕಿದ್ದವಳ ತೋಳಿನ ಮೇಲೂ ಬಿತ್ತು. ಬೆವರು ಇಳಿಯಿತು, ನೊಣ ಕೂತಿತು, ಅವಳು ಕದಲಲಿಲ್ಲ. ಗಡಿಗೆಪ್ಪ ಎದುರಿನ ಗೋಡೆಗೆ ಒರಗಿ ಕೂತು ತಮ್ಮನ ಮಣಿಕಟ್ಟನ್ನೇ ನೋಡುತ್ತಿದ್ದ. ಒಂದು ಸಲ ಎದ್ದು ನೀರಿನ ಚರಿಗೆ ತಂದು ಶೈಲಶ್ರೀಯ ಬಾಯಿಗೆ ಹಿಡಿದ. ಅವಳು ಮುಖ ತಿರುಗಿಸಿದಳು.

ಬಿಸಿಲು ಅಂಗಳ ದಾಟಿದಾಗ ಆ ಜಂಗಮ ಬಂದು ಕೊಟ್ರೇಶನ ಕುತ್ತಿಗೆ ಒತ್ತಿ ನೋಡಿದ.

"ಬಿಗದಾನ. ಇನ್ನ ಕೈ ತಗಿ ಯವ್ವಾ."

ಬೆರಳು ಬಿಚ್ಚಲಿಲ್ಲ. ಅವಳು ಹಟ ಹಿಡಿದಿದ್ದಾಳೆಂದು ಎಲ್ಲರೂ ತಿಳಿದರು. ಬಸವಂತಮ್ಮ ತೆವಳುತ್ತ ಬಂದು ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಗಡಿಗೆಪ್ಪ ಹೆಣ ಬಿದ್ದರೆ ಹಿಡಿಯಲೆಂದು ಕೈಚಾಚಿ ನಿಂತ. ಶೈಲಶ್ರೀ ಹಿಂದಿನಿಂದ ಸರಿದಳು. ಕೊಟ್ರೇಶ ಬೀಳಲಿಲ್ಲ. ಯಾರೂ ಹಿಡಿಯದೆ, ಯಾರೂ ಕಟ್ಟದೆ, ನೆಟ್ಟಗೆ ಕೂತಿದ್ದ.

ಇಬ್ಬರು ಹೆಂಗಸರು ಶೈಲಶ್ರೀಯನ್ನು ಎಬ್ಬಿಸಿದರು. ಅವಳ ತೋಳುಗಳು ಕೆಳಗಿಳಿಯಲಿಲ್ಲ. ಎದೆಯ ಮುಂದೆ ದುಂಡಗೆ ಹಾಗೇ ನಿಂತಿದ್ದವು. ಅವಳು ಆ ತೋಳುಗಳನ್ನು ಹೊತ್ತು ಅಂಗಳಕ್ಕೆ ನಡೆದಳು. ಜನ ಒಬ್ಬರಿಗೊಬ್ಬರು ಒತ್ತರಿಸಿಕೊಂಡು, ತಾಗದಂತೆ ದಾರಿ ಬಿಟ್ಟರು.